ಗಾಯಕ್ಕೆ ಮಾತ್ರ ಕ್ಯಾಪ್ಸೂಲು

೩-೨-೧೯೫೮, ಬೆಳಿಗ್ಗೆ

ಮತ್ತೆ ಅದೇ. ಎದ್ದ ಕೂಡಲೇ ಹೊಟ್ಟೆಯೊಳಗೆ ಕೆಂಡ. ಸೋಡಾಪುಡಿ ನೀರು ಕುಡಿದು ಬೋಳಾರದ ಹೆಂಚಿನ ಕಾರ್ಖಾನೆಗೆ ಹೊರಟೆ. ಕಂಪನಿ ಡಾಕ್ಟರನದ್ದು ವರ್ಷಗಳಿಂದ ಒಂದೇ ಮಾತು: "ಶೀನಪ್ಪ, ಅಲ್ಸರ್ ಅಂದರೆ ಸಿಟ್ಟಿನ ಕಾಯಿಲೆ. ಖಾರ ಬಿಡು, ಯೂನಿಯನ್ ಬಿಡು."

ಮಣ್ಣು ತುಳಿಯುವ ಮಾಯಿಲಪ್ಪನಿಗೂ ಇದೇ ಹುಣ್ಣು. ಅವನಿಗೆ ಸಿಟ್ಟೇ ಬರುವುದಿಲ್ಲ. ಅವನ ಹೊಟ್ಟೆಯನ್ನು ಡಾಕ್ಟರ್ ಮುಟ್ಟುವುದೂ ಇಲ್ಲ. ಬಾಗಿಲಾಚೆ ನಿಲ್ಲಿಸಿ ಬಿಳಿ ಮಿಕ್ಸ್ಚರ್ ಕೊಡುತ್ತಾನೆ.

೭-೨-೫೮

ಬೋನಸ್ ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಮಣ್ಣಿನ ಅಂಗಳದಲ್ಲಿ ಮ್ಯಾನೇಜರನ ಗೂಂಡಾಗಳು. ಸೈಕಲ್ ಚೈನ್, ಚೂರಿ. ನನ್ನ ತೊಡೆ ಸೀಳಿದರು. ಹಸಿಮಣ್ಣಿನಲ್ಲಿ ಕೆಡವಿ ತುಳಿದರು. ಒಬ್ಬನ ಕಿವಿ ಕಚ್ಚಿ ಹರಿದೆ. ಬಾಯಲ್ಲಿ ಅವನ ರಕ್ತ, ಮಣ್ಣು...

ಡಾಕ್ಟರ್ ಬರೆದದ್ದು — ಹೆಂಚು ಬಿದ್ದು ಗಾಯ. ಬರೆಯಲಿ. ಹಾಗೆ ಬರೆದ ಮೇಲೆ ಕಂಪನಿಯೇ ಮದ್ದು ಕೊಡಬೇಕು.

೧೨-೨-೫೮

ಕೀವು. ಜ್ವರ. ಕೀವಿನ ರೋಗಾಣು ಕೊಲ್ಲುವ ಟೆರ್ರಾಮೈಸಿನ್ ಕ್ಯಾಪ್ಸೂಲು ಶುರು.

೨-೩-೫೮

ಗಾಯ ಒಣಗಿತು — ಸಂಗತಿ ಅದಲ್ಲ. ಹೊಟ್ಟೆಯ ಉರಿ ಇಲ್ಲ. ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿ ತಿಂದೆ. ಕಾದೆ. ಏನೂ ಆಗಲಿಲ್ಲ.

"ಭಾಷಣ ಬಿಟ್ಟು ಮಲಗಿದ್ದಿಯಲ್ಲ, ರೆಸ್ಟ್ ಸಿಕ್ಕಿತು, ಅದಕ್ಕೆ" ಎಂದ ಡಾಕ್ಟರ್.

೫-೩-೫೮

ಯೂನಿಯನ್ನಿಗೆ ಕೋಣೆ ಕೊಟ್ಟ ಪೌಲ್ ಪೊರ್ಬುಗಳ ಮಗಳು ಗ್ಲ್ಯಾಡಿಸ್ ಬಾಯಿ, ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಡಾಕ್ಟರ್. ಕ್ಯಾಪ್ಸೂಲು ತಿಂದ ಮೇಲೆ ಹೊಟ್ಟೆಯ ಉರಿ ಹೋದದ್ದನ್ನು ಹೋಗಿ ಹೇಳಿದೆ. ನಗಲಿಲ್ಲ. ಯಾರದೋ ಆಪರೇಶನ್‌ನಲ್ಲಿ ಕೊಯ್ದು ತೆಗೆದ ಜಠರದ ಚೂರನ್ನು ಮೈಕ್ರೋಸ್ಕೋಪಿನಡಿ ತೋರಿಸಿದರು. ಸುರುಳಿ ಸುರುಳಿ, ಸ್ಕ್ರೂವಿನ ಹಾಗೆ.

"ಬ್ಯಾಕ್ಟೀರಿಯಾ. ಹೊಟ್ಟೆಯ ಆಸಿಡಿನಲ್ಲಿ ಯಾವುದೂ ಬದುಕುವುದಿಲ್ಲ ಅಂತ ಪುಸ್ತಕದಲ್ಲಿ ಉಂಟು. ಇವಕ್ಕೆ ಓದ್ಲಿಕ್ಕೆ ಬರುವುದಿಲ್ಲ, ಎಂತ ಮಾಡುವುದು?"

"ಹುಣ್ಣು ಇವುಗಳಿಂದಲೇನಾ ಬಾಯಿ?"

"ಗೊತ್ತಿಲ್ಲ ಶೀನಪ್ಪ. ಉಂಟು ಅಂತ ಮಾತ್ರ ಗೊತ್ತು. ಸರ್ಜನರು ಹೇಳಿದ್ದು — ನನ್ನ ಬಾಟ್ಲಿ ಗಲೀಜಂತೆ, ಇವು ಅದರಿಂದ ಬಂದದ್ದಂತೆ."

ಸಿಟ್ಟು ಅಂದರು. ಖಾರ ಅಂದರು. ನಮ್ಮ ಹೊಟ್ಟೆಯಿಂದಲೂ ನಮ್ಮ ಮೇಲೆಯೇ ಸಾಕ್ಷಿ ಹೇಳಿಸಿದರು.

೯-೩-೫೮

ಮಾಯಿಲಪ್ಪ ರಕ್ತ ಕಾರಿದ. ಕಪ್ಪು, ಕಾಫಿ ಚರಟದಂಥದು. ಡಿಸ್ಪೆನ್ಸರಿಯಲ್ಲಿ ಕ್ಯಾಪ್ಸೂಲು ಕೇಳಿದೆ.

"ಅದು ಫ್ಯಾಕ್ಟರಿ ಗಾಯಕ್ಕೆ ಮಾತ್ರ. ಹೊಟ್ಟೆನೋವಿಗೆ ಮಿಕ್ಸ್ಚರ್."

ಡಾಕ್ಟರನ ಕಾಲರ್ ಹಿಡಿದು ಗೋಡೆಗೆ ಒತ್ತಿದೆ. ಮಾಯಿಲಪ್ಪನೇ ಬಿಡಿಸಿದ. ಪೇಟೆಯಲ್ಲಿ ಕೊಳ್ಳುವ ತಾಕತ್ತು ನಮಗಿಲ್ಲ. ಗ್ಲ್ಯಾಡಿಸ್ ಬಾಯಿಯ ಕೈಯಲ್ಲಿ ಸ್ಲೈಡು ಇದೆ, ಮದ್ದಿನ ಬೀಗದಕೈ ಇಲ್ಲ.

ದಾರಿಯಲ್ಲಿ ಮಾಯಿಲಪ್ಪ ನಕ್ಕ. "ಶೀನಪ್ಪಣ್ಣ, ನನಗೂ ಒಂದು ಗಾಯ ಮಾಡು ಮಾರಾಯ."

"ಮರ್ಲುಂಟಾ ನಿನಗೆ, ಹುಚ್ಚಾ?"

"ಕಡಿಯುವುದಾದರೆ ನೀನೇ ಕಡಿಯಬೇಕು. ಗೂಂಡಾಗಳು ನನ್ನನ್ನು ಮುಟ್ಟುವುದಿಲ್ಲ. ಮೈಲಿಗೆಯಂತೆ."

೧೧-೩-೫೮, ಮಧ್ಯಾಹ್ನ

ಮಾಡಿದೆ. ಊಟದ ಬಿಡುವಿನಲ್ಲಿ, ಅಚ್ಚಿನ ಮೆಷಿನಿನ ಹಿಂದೆ. ಒಡೆದ ಹೆಂಚು. ಅವನ ಮೀನಖಂಡ. ಮೊದಲ ಏಟಿಗೆ ಚರ್ಮ ಮಾತ್ರ ಹರಿಯಿತು.

"ಇದಕ್ಕೆ ಟಿಂಚರ್ ಹಾಕಿ ಕಳಿಸ್ತಾರೆ. ಸರಿ ಹೊಡಿ."

ಅವನ ಬಾಯಿಗೆ ಮುಂಡಾಸು ತುರುಕಿದೆ. ಎರಡನೆಯ ಏಟಿಗೆ ಮಾಂಸ ಬಾಯಿಬಿಟ್ಟಿತು. ಕೀವಾಗಬೇಕಲ್ಲ — ಮಣ್ಣು ಮೆತ್ತಿದೆ. ಅವನೇ ತುಳಿದು ಹದ ಮಾಡಿದ ಮಣ್ಣು. ಧನುರ್ವಾಯು ಬಂದರೆ? ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೆಷಿನಿಗೆ ಸಿಕ್ಕಿದ ಎಂದು ಕೂಗಿದೆ.

೧೬-೩-೫೮

ಕೀವಾಯಿತು. ಕೀವು ಕಂಡು ಕುಣಿಯುವ ಹಾಗೆ ಮಾಡಿದ್ದಾರೆ ಬೋಳಿಮಕ್ಕಳು. ಡಿಸ್ಪೆನ್ಸರಿಯ ಮೂಲೆಕೋಣೆಯಲ್ಲಿ ಬೇರೆಯಾಗಿ ಮಲಗಿಸಿ ಕ್ಯಾಪ್ಸೂಲು ಕೊಟ್ಟರು.

೧೯-೩-೫೮

ಗಂಜಿ ಹೊಟ್ಟೆಯಲ್ಲಿ ನಿಂತಿತಂತೆ. ಇನ್ನೂ ಬೇಕು ಎಂದನಂತೆ.

೨೦-೩-೫೮

ನಾನು ಕಡಿದದ್ದನ್ನು ಯಾರೋ ಕಂಡಿದ್ದಾರೆ. ಕಡಿದ ಗಾಯಕ್ಕೆ ಕಂಪನಿ ಜವಾಬ್ದಾರಿಯಲ್ಲ ಎಂದು ಮ್ಯಾನೇಜರ್ ಕ್ಯಾಪ್ಸೂಲು ನಿಲ್ಲಿಸಿದ. ಮಾಯಿಲಪ್ಪನಿಗೆ ಅವನು ಹೇಳಿದ್ದು: "ಶೀನಪ್ಪ ಕೊಲ್ಲಲು ಬಂದ ಅಂತ ಪೊಲೀಸರಿಗೆ ಹೇಳು. ಉಳಿದದ್ದು ಕೊಡಿಸ್ತೇನೆ." ಮಾಯಿಲಪ್ಪ ಬಾಯಿ ಬಿಟ್ಟಿಲ್ಲ.

೨೧-೩-೫೮

ಡಿಸ್ಪೆನ್ಸರಿಯ ಕಿಟಕಿಯಿಂದ ಮಾತಾಡಿದೆ.

"ನನ್ನ ಹೆಸರು ಹೇಳು."

"ನಿನ್ನನ್ನು ಜೈಲಿಗೆ ಹಾಕಿ ನಾನು ಮೀನು ತಿನ್ನುವುದಾ?"

"ತಿನ್ನು. ಜೈಲು ನಮಗೆ ಹೊಸತಲ್ಲ. ನನ್ನೊಬ್ಬನ ಹೊಟ್ಟೆ ಗುಣವಾದರೆ ರೆಸ್ಟ್ ಅಂತಾರೆ. ಇಬ್ಬರದಾದರೆ ಎಂತ ಹೇಳ್ತಾರೆ?"

ಅವನು ಗೋಡೆಗೆ ಮುಖ ಮಾಡಿದ.

೨೨-೩-೫೮, ಬೆಳಿಗ್ಗೆ

ಹೇಳಿದ್ದಾನೆ. ಪೌಲ್ ಪೊರ್ಬು ಓಡಿ ಬಂದು ತಿಳಿಸಿದರು. "ಮೊದಲು ಕ್ಯಾಪ್ಸೂಲು ನುಂಗಿದ. ಆಮೇಲೆ ಹೆಬ್ಬೆಟ್ಟು ಒತ್ತಿದ. ನೀನು ಹೊಳೆಯಾಚೆ ಉಳ್ಳಾಲಕ್ಕೆ ದಾಟು, ದೋಣಿ ಉಂಟು."

ದಾಟುವುದಿಲ್ಲ. ನಾನು ಓಡಿದರೆ ಅವನನ್ನೇ ಮತ್ತೆ ಹಿಡಿದು ಬಾಯಿ ಬಿಡಿಸುತ್ತಾರೆ. ವ್ಯಾನು ಗಲ್ಲಿಯೊಳಗೆ ಬಂತು. ಬೂಟಿನ ಸದ್ದು. ಅವನಿಗೆ ಕ್ಯಾಪ್ಸೂಲು ಇನ್ನೂ ಮುಗಿದಿಲ್ಲ. ಮುಗಿಯುವವರೆಗೆ ಎಷ್ಟು ಹೊಡೆದರೂ ನನ್ನದು ಒಂದೇ ಮಾತು — ಹೌದು, ಕೊಲ್ಲಲಿಕ್ಕೇ ಹೋಗಿದ್ದೆ, ಅವನನ್ನು ನಾನು