ಅವ್ವ ಹೊಸೆದ ಶಿವದಾರ

ಮುಂಬಯಿ, ಜುಲೈ ೧೯೪೬

ನಮ್ಮೂರ ಮಠದ ಅಜ್ಜಾವರ ಪಾದಗಳಿಗೆ ಕರಬಸಪ್ಪನ ಶರಣು.

ವಿಲಾಯತಿಗೆ ಹೋಗಿ ಓದುವ ವಿದ್ಯಾರ್ಥಿವೇತನ ನನಗೆ ಮಂಜೂರಾಗಿದೆ. ಸಂದರ್ಶನಕ್ಕಿಂತ ಡಾಕ್ಟರರ ತಪಾಸಣೆಗೇ ನಾನು ಹೆದರಿದ್ದೆ. ಅಂಗಿ ಬಿಚ್ಚಿಸಿ ನೋಡಿ ನಕ್ಕಾರೆಂದು, ತಾವು ಕಟ್ಟಿದ ಲಿಂಗವನ್ನು ಬೆಳಿಗ್ಗೆಯೇ ತೆಗೆದು ಟ್ರಂಕಿನಲ್ಲಿಟ್ಟು ಹೋದೆ. ಆ ಮುದುಕ ಡಾಕ್ಟರ ಸಾಹೇಬ ಹಿಂದೆ ಧಾರವಾಡದಲ್ಲಿ ನೌಕರಿ ಮಾಡಿದವನಂತೆ. ನನ್ನ ಹೆಸರು ಓದಿ, ಬರಿಯ ಎದೆ ನೋಡಿ, ನಮ್ಮ ಮಾತಿನಲ್ಲೇ ಕೇಳಿದ:

"ಲಿಂಗ ಎಲ್ಲೈತಿ? ನಾ ಯಾರಿಗೂ ತಗೀ ಅನ್ನೂದಿಲ್ಲ."

"ನಮ್ಮ ಮನ್ಯಾಗ ಆ ಪದ್ಧತಿ ಇಲ್ಲರಿ" ಅಂದುಬಿಟ್ಟೆ.

ಅಂದಿನಿಂದ ಅದನ್ನು ಮತ್ತೆ ಹಾಕಿಕೊಳ್ಳಲು ಕೈ ಬರುತ್ತಿಲ್ಲ. ಹಡಗು ಹತ್ತುವ ಮೊದಲು, ಬರುವ ಸೋಮವಾರ, ತಿಳವಳ್ಳಿಗೆ ಬರುತ್ತೇನೆ. ಮಠದಲ್ಲಿ ಜನವಿಲ್ಲದ ಹೊತ್ತು ಯಾವುದೆಂದು ತಿಳಿಸಿದರೆ, ತಮ್ಮ ಕೈಯಿಂದಲೇ ಇನ್ನೊಮ್ಮೆ ಕಟ್ಟಿಸಿಕೊಳ್ಳುವೆ. ಕಟ್ಟುವುದೋ ಬಿಡುವುದೋ ತಮ್ಮ ಮನಸ್ಸು.

ಅವ್ವನಿಗೆ ಮಾತ್ರ ತಿಳಿಯದಿರಲಿ. ನಿನ್ನೆ ಅವಳು ಲಿಂಗ ಕಟ್ಟಿಕೊಳ್ಳಲು ಹೊಸ ಶಿವದಾರ ಕಳಿಸಿದ್ದಾಳೆ. ಜೊತೆಗೆ ಅಣ್ಣನ ಕೈಯಿಂದ ಒಂದು ಮಾತು ಬರೆಸಿದ್ದಾಳೆ: "ಸಮುದ್ರದ ಗಾಳಿಗೆ ಹರೀಬಾರ್ದಂತ ಎರಡೆಳಿ ಹೆಚ್ಚಿಗಿ ಹಾಕಿ ಹೊಸೆದೇನಿ."

ತಮ್ಮ
ಕರಬಸಪ್ಪ