ಬಲಗಡೆಯ ಗುಂಡಿಗಳು

ರೇವಣ,

ನೀಲಿ ಶರ್ಟು ಬಾಗಿಲ ಹಿಂದೆ ನೇತುಹಾಕಿದ್ದೇನೆ. ಹೋದ ತಿಂಗಳು ನಾನು ಹೊಲಿದುಕೊಟ್ಟದ್ದೇ. ಒಂದು ಸಲ ಕನ್ನಡಿ ಮುಂದೆ ನಿಂತು, "ಬಿಗಿ ಆಗ್ತೈತವ್ವ" ಅಂತ ಬಿಚ್ಚಿ ಟ್ರಂಕಿಗೆ ತುರುಕಿದೆಯಲ್ಲ, ಎಷ್ಟು ಸಿಟ್ಟು ಬಂದಿತ್ತು ನನಗೆ! ಮೊನ್ನೆ ನಿಮ್ಮಪ್ಪನ ಶರ್ಟಿನ ಪಕ್ಕ ಇಟ್ಟು ಇಸ್ತ್ರಿ ಮಾಡುವಾಗ ಗೊತ್ತಾಯಿತು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೆಂಗಸರ ಶರ್ಟು ಹೊಲಿಯುವ ಕೈ ನೋಡು, ಅಭ್ಯಾಸಕ್ಕೆ ಗುಂಡಿ ಹೆಂಗಸರದರ ಹಾಗೆ ಎಡಕ್ಕೆ ಹಾಕಿಬಿಟ್ಟಿದೆ. ಬಾಯಿ ಬಿಟ್ಟು ಹೇಳಬಾರದಿತ್ತೇನೋ? ಮುಂದಿನ ಎರಡೂ ತುಂಡು ಬಿಚ್ಚಿ ಬೇರೆ ಹಾಕಿದ್ದೇನೆ. ಈಗ ಗುಂಡಿ ಬಲಕ್ಕಿದೆ, ನಿಮ್ಮಪ್ಪನದರ ಹಾಗೆ.

ಬೈಯೋಣವೆಂದರೆ ಹುಡುಕಿ ಹುಡುಕಿ ನಮ್ಮಪ್ಪನ ಹೆಸರನ್ನೇ ಇಟ್ಟುಕೊಂಡಿದ್ದೀಯ. ಹೆತ್ತಪ್ಪನ ಹೆಸರು ಹಿಡಿದು ಯಾರಾದರೂ ಬೈಯುತ್ತಾರಾ?

ಡಬ್ಬಿಯಲ್ಲಿ ಚಿತ್ರಾನ್ನ ಇದೆ. ಒಂಬತ್ತಕ್ಕೆ ನಲ್ಲಿ ಬರುತ್ತದೆ, ಡ್ರಮ್ಮು ತುಂಬಿಸಿಯೇ ಹೊರಡು.

ಕಾಲೇಜಿನಲ್ಲಿ ನೀರು ಕುಡಿ. ಹುಡುಗಿಯರ ಟಾಯ್ಲೆಟ್ಟಿಗೆ ಹೋಗಲಾರದೆ ಬಾಟಲಿ ತುಂಬಿದ ಹಾಗೇ ವಾಪಸ್ ತರುತ್ತೀಯ, ನನಗೇನು ಕಣ್ಣಿಲ್ಲವಾ? ಶಾಂಭವಿ ಮೇಡಂ ಹತ್ತಿರ ನಾನೇ ಮಾತಾಡಿದ್ದೇನೆ. ಸ್ಟಾಫ್ ರೂಮಿನ ಪಕ್ಕದ್ದು ಬಳಸಬಹುದಂತೆ.

ಸಂಜೆ ದಾಸರಹಳ್ಳಿ ಸ್ಟುಡಿಯೋದಲ್ಲಿ ಐಡಿ ಕಾರ್ಡಿಗೆ ಫೋಟೋ ತೆಗೆಸುವಾಗ ಈ ಶರ್ಟೇ ಹಾಕಿಕೋ. ಭುಜ ಮುದುಡಬೇಡ. ಒಂದು ಪ್ರತಿ ಜಾಸ್ತಿ ಕೇಳು. ಊಟದ ಹೊತ್ತಿನಲ್ಲಿ ನಮ್ಮ ಹೊಲಿಗೆ ಲೈನಿನ ಹೆಂಗಸರೆಲ್ಲ ಮಕ್ಕಳ ಫೋಟೋ ತೆಗೆದು ತೋರಿಸುತ್ತಾರೆ. ನನ್ನ ಪರ್ಸಿನಲ್ಲಿರುವುದು ನೀನು ಎರಡು ಜಡೆ ಹಾಕಿಸಿಕೊಂಡು ಮುಖ ಸಿಂಡರಿಸಿಕೊಂಡ ಹಳೆಯದು. ಅದನ್ನು ಇಷ್ಟು ವರ್ಷ ತೋರಿಸಿದ್ದು ಸಾಕು.

ನಾಳೆ ನನ್ನ ಮಗನನ್ನು ತೋರಿಸುತ್ತೇನೆ.

ಅವ್ವ