ಅಣ್ಣ ಅಂಗೈ ಊರಿದ ಹಲಗೆ

ನವೆಂಬರ್ ೧೮, ಮಂಗಳವಾರ. ಉಗಾರ ಬುದ್ರುಕ.

ಇವತ್ತು ಅತ್ತಿಗೆಗೆ ಸುಳ್ಳು ಹೇಳಿದೆ.

ತೀರಿಹೋದ ಅಣ್ಣನ ಅಂಗಡಿಯ ವಿಡಿಯೋ ಗೇಮ್ ಪೆಟ್ಟಿಗೆಗೆ ಕಡೆಗೂ ಜೀವ ಬಂತು. ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಾಗ ಮೂರು ದಿನ ನೀರಲ್ಲಿ ನಿಂತಿತ್ತು. ತಪ್ಪು ನನ್ನದೇ. ಬೇಗ ಆರಲಿ ಎಂದು ನಮ್ಮ ಗಾಣಕ್ಕೆ ಒಯ್ದು, ಬೆಲ್ಲ ಕಾಯಿಸುವ ಒಲೆಯ ಪಕ್ಕ ಇಟ್ಟೆ. ಗುಂಡಿಗಳಿದ್ದ ಪ್ಲೈವುಡ್ ಹಲಗೆ ಪದರು ಪದರಾಗಿ ಬಿಚ್ಚಿಕೊಂಡಿತು. ನಿಪ್ಪಾಣಿಯಿಂದ ಹೊಸ ಹಲಗೆ ತಂದು ಕೂಡಿಸಿ, ಮೇಲೆ ಕರಿ ಸನ್ಮೈಕಾ ಅಂಟಿಸಿದೆ. ಚಂದ ಕಾಣುತ್ತಿತ್ತು.

ಅತ್ತಿಗೆ ಬಂದವರು ಪರದೆಯತ್ತ ನೋಡಲೇ ಇಲ್ಲ. ಹಿಡಿಕೆಯ ಪಕ್ಕದಲ್ಲಿ ಬೆರಳಾಡಿಸಿದರು. ಇಪ್ಪತ್ತೈದು ವರ್ಷ ಅಣ್ಣ ಅಂಗೈ ಊರಿ ಊರಿ ಹಳೇ ಹಲಗೆಯಲ್ಲಿ ಆ ಜಾಗದ ಬಣ್ಣ ಸವೆದು ಸಣ್ಣ ಕುಳಿ ಬಿದ್ದಿತ್ತು.

“ಶ್ರೇಣಿಕ, ಹಳೇ ಹಲಗಿ ಎಲ್ಲೈತೋ?”

“ತಗದಿಟ್ಟೇನ್ರಿ ವೈನಿ.”

“ಅದಷ್ಟ ಕೊಡಪಾ ನನಗ. ಈ ಪೆಟಗಿ ನೀನ ಇಟ್ಕೊ.”

ಮೊನ್ನೆ ಒಲೆಗೆ ಕಬ್ಬಿನ ಒಣಗರಿಯ ರವದಿ ಸಾಲದಾದಾಗ ಆ ಹಲಗೆಯನ್ನು ನಾನೇ ಮುರಿದು ಹಾಕಿದ್ದೆ. ಅವತ್ತು ಅದೇ ಉರಿಯಲ್ಲಿ ಕಾಯಿಸಿದ ಬೆಲ್ಲದಲ್ಲೇ ಒಂದು ಪೆಂಟೆ ಅತ್ತಿಗೆಯ ಕೈಗಿಟ್ಟು ಕಳಿಸಿದೆ. ಹಲಗೆ ಒಯ್ಯಲು ನಾಳೆ ಮತ್ತೆ ಬರುತ್ತಾರಂತೆ.